ಧಾರವಾಡದ ಚಳಿಯಲ್ಲಿ ಗ್ಯಾಡೊಲಿನಿಯಂ

ಗ್ಯಾಡೊಲಿನಿಯಂ ಎಂಬ ವಿರಳ ಭೂಲೋಹ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದಾಗ ಕಬ್ಬಿಣದಂತೆ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಬಿಸಿಯಾದರೆ ಒಳಗಿನ ಶಿಸ್ತು ಮುರಿದು ಸೆಳೆತ ಕುಸಿಯುತ್ತದೆ. ಈ ಗಡಿಗೆ ಕ್ಯೂರಿ ತಾಪಮಾನ ಎಂದು ಹೆಸರು. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ 770 ಡಿಗ್ರಿಯ ಕುಲುಮೆ ಬೇಕು. ಗ್ಯಾಡೊಲಿನಿಯಂಗೆ ಧಾರವಾಡದ ಡಿಸೆಂಬರ್ ಸಾಕು. ಇಲ್ಲಿ ನಸುಕಿನಲ್ಲಿ ಹದಿನೈದರ ಆಸುಪಾಸು, ಮಧ್ಯಾಹ್ನ ಇಪ್ಪತ್ತೆಂಟರ ಹತ್ತಿರ. ನಮ್ಮೂರಿನ ಚಳಿಗಾಲದ ದಿನವೇ ಒಂದು ಲೋಹದ ಕ್ಯೂರಿ ತಾಪಮಾನವನ್ನು ದಾಟಿ ಹೋಗುತ್ತಿರುವಾಗ ಅದನ್ನು ವಿದ್ಯಾರ್ಥಿಗಳಿಗೆ ತೋರಿಸದೆ ಪುಸ್ತಕದ ನಕ್ಷೆಯನ್ನಷ್ಟೇ ಬರೆಸುವುದು ನನಗೆ ಸರಿಕಾಣಲಿಲ್ಲ.

ಹಾಗಾಗಿ ಎಂ.ಎಸ್ಸಿ. ತರಗತಿಯವರಿಗೆ ಬೆಳಿಗ್ಗೆ ಬೇಗ ಬರಲು ಹೇಳಿದ್ದೆ. ಹುಬ್ಬಳ್ಳಿಯಿಂದ ಬರುವವರು ಮೊದಲ ಚಿಗರಿ ಬಸ್ ಹಿಡಿದು, ಸ್ವೆಟರ್ ತೊಟ್ಟು, ಕೈ ಉಜ್ಜಿಕೊಳ್ಳುತ್ತಾ ಬಂದರು. ಪ್ರಯೋಗಾಲಯದ ಕಿಟಕಿಗಳನ್ನು ರಾತ್ರಿಯಿಡೀ ತೆರೆದಿಡಿಸಿದ್ದೆ. ಹಳೆಯ ಸ್ಪೀಕರಿನಿಂದ ತೆಗೆದ ಫೆರೈಟ್ ಅಯಸ್ಕಾಂತವನ್ನು ಸ್ಟ್ಯಾಂಡಿಗೆ ಕಟ್ಟಿ, ಅದರ ಕೆಳಗೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿದೆ. ಲೋಹದ ತುಣುಕಿನ ಭಾರವನ್ನು ಹೊರಲು ಬೇಕಾದಷ್ಟು ಸೆಳೆತ ಮಾತ್ರ ಉಳಿಯಬೇಕು. ಈ ಪ್ರಯೋಗದ ಗುಟ್ಟೇ ಅದು. ಅಯಸ್ಕಾಂತವನ್ನು ನೇರವಾಗಿ ತಾಗಿಸಿದರೆ, ಅದರಲ್ಲೂ ನಿಯೋಡೈಮಿಯಂ ಅಯಸ್ಕಾಂತವಾದರೆ, 20 ಡಿಗ್ರಿ ದಾಟಿದ ಮೇಲೂ ಗ್ಯಾಡೊಲಿನಿಯಂ ಬಿಡದೆ ಅಂಟಿಕೊಂಡೇ ಇರುತ್ತದೆ.

ತುಣುಕು ರಟ್ಟಿಗೆ ಅಂಟಿ ನೇತಾಡಿತು. ಪಾಠ ನಡೆಯುತ್ತಿತ್ತು, ಎಲ್ಲರ ಕಣ್ಣು ಮಾತ್ರ ಅಲ್ಲೇ. ಬಿಸಿಲು ಮೇಜಿಗೆ ಬಂದು, ಥರ್ಮಾಮೀಟರ್ ಇಪ್ಪತ್ತನ್ನು ದಾಟಿ ಸ್ವಲ್ಪ ಹೊತ್ತಾದ ಮೇಲೆ ಅದು ಟಪ್ಪೆಂದು ಕೆಳಗೆ ಬಿತ್ತು. ಯಾರೂ ಮುಟ್ಟಿರಲಿಲ್ಲ.

ಗದಗಿನಿಂದ ಬರುವ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಇದನ್ನು ತೆಳುವಾಗಿಸುತ್ತಾ ಹೋದರೆ? ಕೆಲವೇ ಪರಮಾಣುಗಳಷ್ಟು ದಪ್ಪ ಉಳಿದಾಗಲೂ ಇದೇ 20 ಡಿಗ್ರಿ ಇರುತ್ತದೆಯೇ?"

ನನ್ನ ಸಂಶೋಧನೆಯ ವರ್ಷಗಳೆಲ್ಲ ಕಳೆದದ್ದು ಈ ಪ್ರಶ್ನೆಯ ಜೊತೆಯಲ್ಲೇ. ಅಂದಿನ ಪಾಠವನ್ನು ಬದಿಗಿಟ್ಟೆ.

ಗ್ಯಾಡೊಲಿನಿಯಂ ಪರಮಾಣುವಿನ 4ಎಫ್ ಕವಚದಲ್ಲಿ ಏಳು ಎಲೆಕ್ಟ್ರಾನ್‌ಗಳ ಸ್ಪಿನ್ನುಗಳು, ಅಂದರೆ ಅವುಗಳನ್ನು ಪುಟ್ಟ ಅಯಸ್ಕಾಂತಗಳಾಗಿಸುವ ಗುಣ, ಒಂದೇ ದಿಕ್ಕಿಗೆ ನಿಂತಿರುತ್ತವೆ. ಆದರೆ ಅವು ಪರಮಾಣುವಿನ ಒಳಮನೆಯಲ್ಲಿರುವುದರಿಂದ ನೆರೆಯ ಪರಮಾಣುವಿನ 4ಎಫ್ ಎಲೆಕ್ಟ್ರಾನ್‌ಗಳನ್ನು ನೇರವಾಗಿ ತಲುಪಲಾರವು. ಲೋಹದಲ್ಲಿ ಓಡಾಡುವ ವಾಹಕ ಎಲೆಕ್ಟ್ರಾನ್‌ಗಳೇ ಅವುಗಳ ನಡುವಿನ ಕೊಂಡಿ. ಗಟ್ಟಿ ಲೋಹದೊಳಗಿನ ಪರಮಾಣುವಿಗೆ ಹತ್ತಿರದ ನೆರೆಯವರು ಹನ್ನೆರಡು. ಷಟ್ಕೋನ ಜೋಡಣೆಯ ಮೇಲ್ಮೈಯಲ್ಲಿರುವ ಪರಮಾಣುವಿಗೆ ಒಂಬತ್ತೇ. ಹತ್ತು ಪದರಗಳ ಪೊರೆಯ ದಪ್ಪ ಮೂರು ನ್ಯಾನೋಮೀಟರ್‌ನಷ್ಟೂ ಇರುವುದಿಲ್ಲ. ಅಲ್ಲಿ ಅಂಚಿನವರ ಪಾಲು ಗಣನೀಯ. ಪೊರೆ ತೆಳುವಾದಂತೆ ಕ್ಯೂರಿ ತಾಪಮಾನ ಇಳಿಯುತ್ತದೆ. ಧಾರವಾಡದ ನಸುಕು ಆಗ ಸಾಲದು.

ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಅಂತಹ ಪೊರೆಯನ್ನು ಬೆಳೆಸುವ ಕೆಲಸವನ್ನು ವಿವರಿಸದೆ ಈ ಉತ್ತರ ಕೊಟ್ಟರೆ ಅರ್ಧ ಸುಳ್ಳು ಹೇಳಿದಂತೆ.

ಬೆಳೆಸುವುದು ಟಂಗ್‌ಸ್ಟನ್ ಸ್ಫಟಿಕದ ಮೇಲೆ. ಅದು 3,400 ಡಿಗ್ರಿಯವರೆಗೂ ಕರಗುವುದಿಲ್ಲ, ವಿರಳ ಭೂಲೋಹಗಳ ಜೊತೆ ಬೆರೆತು ಮಿಶ್ರಲೋಹವಾಗುವುದೂ ಇಲ್ಲ. ಮೊದಲು ಸ್ಫಟಿಕವನ್ನು ಕಿಂಚಿತ್ ಆಮ್ಲಜನಕದಲ್ಲಿ ಕಾಯಿಸಿ ಮೇಲ್ಮೈಯ ಇಂಗಾಲವನ್ನು ಸುಡಬೇಕು, ಆಮೇಲೆ 2,000 ಡಿಗ್ರಿಗೂ ಮೇಲೆ ಕ್ಷಣಕಾಲ ಕಾಯಿಸಿ ಆ ಆಮ್ಲಜನಕವನ್ನೂ ಓಡಿಸಬೇಕು. ಇಷ್ಟೆಲ್ಲ ನಡೆಯುವುದು ನಿರ್ವಾತ ಕೋಠಿಯೊಳಗೆ. ಅಲ್ಲಿನ ಒತ್ತಡ ನಾವು ಉಸಿರಾಡುವ ಗಾಳಿಯದರ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದನ್ನು ಸಾಧಿಸಲು ಉಕ್ಕಿನ ಕೋಠಿಗೇ ಹೊರಗಿನಿಂದ ಕಾಯಿಸುವ ಪಟ್ಟಿ ಸುತ್ತಿ, ಸುಮಾರು 150 ಡಿಗ್ರಿಯಲ್ಲಿ ಒಂದೆರಡು ದಿನ ಬೇಯಿಸಿ ಗೋಡೆಗೆ ಅಂಟಿದ ನೀರಿನಂಶವನ್ನು ಹೊರಹಾಕಬೇಕು.

"ಅಷ್ಟೊಂದು ನಿರ್ವಾತ ಏಕೆ ಬೇಕು?" ಎಂದು ಹಾವೇರಿಯ ಹುಡುಗ ಕೇಳಿದ. ಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಗಾಳಿಯ ಒತ್ತಡ ಅದರ ನೂರು ಕೋಟಿಯ ಒಂದು ಪಾಲಿಗಿಳಿದರೂ, ಬಡಿದ ಅಣುಗಳೆಲ್ಲ ಅಂಟಿಕೊಳ್ಳುವುದಾದರೆ, ಒಂದೆರಡು ಸೆಕೆಂಡಿನಲ್ಲಿ ಮೇಲ್ಮೈ ಪೂರ್ತಿ ಮುಚ್ಚಿಹೋಗುತ್ತದೆ. ನಮ್ಮ ನಿರ್ವಾತದಲ್ಲಿ ಕೆಲವು ಗಂಟೆಗಳ ಅವಕಾಶ ಸಿಗುತ್ತದೆ. ಬೆಳೆಸುವುದು, ಕಾಯಿಸುವುದು, ಅಳೆಯುವುದು ಎಲ್ಲವೂ ಅದರೊಳಗೇ ಮುಗಿಯಬೇಕು. ಎಷ್ಟೇ ತೆಗೆದರೂ ಕೊನೆಗೆ ಉಳಿಯುವ ಅನಿಲ ಹೈಡ್ರೋಜನ್, ವಿರಳ ಭೂಲೋಹಗಳಿಗೆ ಅದರದೇ ದೊಡ್ಡ ಕಾಟ. ಅದು ಒಳಹೊಕ್ಕು ಹೈಡ್ರೈಡ್ ಆದ ಗ್ಯಾಡೊಲಿನಿಯಂ ಫೆರೋಅಯಸ್ಕಾಂತವಾಗಿ, ಅಂದರೆ ಕಬ್ಬಿಣದಂತಹ ಅಯಸ್ಕಾಂತವಾಗಿ, ಉಳಿಯುವುದೇ ಇಲ್ಲ.

ಆಮೇಲೆ ಲೋಹವನ್ನು ಆವಿಯಾಗಿಸಿ ನಿಧಾನವಾಗಿ ಪದರ ಪದರವಾಗಿ ಕೂರಿಸುವುದು. ಕೋಠಡಿಯ ತಾಪಮಾನದಲ್ಲಿ ಕೂರಿಸಿದರೆ ಪದರಗಳು ಒಂದರ ಮೇಲೊಂದು ಬರುತ್ತವೆ, ಆದರೆ ಉಬ್ಬುತಗ್ಗು ಉಳಿಯುತ್ತದೆ. ನಯಗೊಳಿಸಲು ಹದವಾಗಿ ಕಾಯಿಸಬೇಕು. ಹದ ಮೀರಿದರೆ, ಎಣ್ಣೆ ಸವರಿದ ಹಂಚಿನ ಮೇಲೆ ನೀರು ಹನಿಗಟ್ಟುವಂತೆ, ಪೊರೆ ಒಡೆದು ದ್ವೀಪಗಳಾಗುತ್ತದೆ. ನಡುವೆ ಟಂಗ್‌ಸ್ಟನ್ನಿಗೆ ಅಂಟಿದ ತೆಳು ಪದರ ಮಾತ್ರ ಉಳಿಯುತ್ತದೆ. ಆಗ ಅಳೆದ ಕ್ಯೂರಿ ತಾಪಮಾನ ನಾವು ಅಂದುಕೊಂಡ ದಪ್ಪದ್ದಲ್ಲ, ಆ ದ್ವೀಪಗಳದ್ದು. ಪೊರೆಯಿಂದ ಚಿಮ್ಮಿದ ಎಲೆಕ್ಟ್ರಾನ್‌ಗಳು ಪರಮಾಣುಗಳ ಜೋಡಣೆಯನ್ನು ತೋರಿಸುವ ಎಲೆಕ್ಟ್ರಾನ್ ವಿವರ್ತನೆಯ ಪರದೆಯ ಮೇಲೆ ಷಟ್ಕೋನದ ಚುಕ್ಕಿಗಳು ಚೂಪಾಗಿ ಮೂಡುವ ಗಳಿಗೆಯನ್ನು ಕತ್ತಲ ಕೋಣೆಯಲ್ಲಿ ಕಾಯುತ್ತಿದ್ದ ರಾತ್ರಿಗಳು ನನಗೆ ಈಗಲೂ ಪ್ರಿಯ.

1985ರಲ್ಲಿ ಪ್ರಕಟವಾದ ಒಂದು ಪ್ರಯೋಗವು, ಗ್ಯಾಡೊಲಿನಿಯಂನ ಒಳಭಾಗ ಅಯಸ್ಕಾಂತತ್ವ ಕಳೆದುಕೊಂಡ ಮೇಲೂ ಮೇಲ್ಮೈ ಪದರ ಇನ್ನೂ 20 ಡಿಗ್ರಿಯಷ್ಟು ಮೇಲಿನವರೆಗೆ ಅದನ್ನು ಉಳಿಸಿಕೊಳ್ಳುತ್ತದೆ ಎಂದು ಹೇಳಿತು. ಒಂಬತ್ತೇ ನೆರೆಯವರಿರುವ ಪರಮಾಣುಗಳಲ್ಲಿ ಅಷ್ಟು ಬಲವೇ ಎಂದು ಲೋಕ ಬೆರಗಾಯಿತು. 1990ರ ದಶಕದ ಪ್ರಯೋಗಗಳಲ್ಲಿ ಮೇಲ್ಮೈ ಮತ್ತು ಒಳಭಾಗ ಒಟ್ಟಿಗೇ ಕ್ಯೂರಿ ತಾಪಮಾನ ಮುಟ್ಟುವುದು ಕಂಡಿತು. ಪೊರೆಯನ್ನು ಹೇಗೆ ಬೆಳೆಸಿದರು, ಎಷ್ಟು ಕಾಯಿಸಿದರು, ಎಷ್ಟು ಶುದ್ಧವಾಗಿತ್ತು ಎಂಬುದನ್ನು ಹೇಳದೆ ಅಯಸ್ಕಾಂತತ್ವದ ಅಂಕಿಯನ್ನಷ್ಟೇ ಮುಂದಿಡುವ ಪ್ರಬಂಧವನ್ನು ನಾನು ನಂಬುವುದಿಲ್ಲ. ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

ಮಾತು ಹೋಲ್ಮಿಯಂ ಎಂಬ ಇನ್ನೊಂದು ವಿರಳ ಭೂಲೋಹಕ್ಕೆ ಹೊರಳಿತು. ಅದರಲ್ಲಿ ಪ್ರತಿ ಪದರದ ಅಯಸ್ಕಾಂತೀಯ ದಿಕ್ಕು ಕೆಳಗಿನ ಪದರಕ್ಕಿಂತ ತುಸು ತಿರುಗಿ ಸುರುಳಿಯಾಗುತ್ತದೆ. ಒಂದು ಸುತ್ತಿಗೆ ತಾಪಮಾನಕ್ಕೆ ತಕ್ಕಂತೆ ಏಳರಿಂದ ಹನ್ನೆರಡು ಪದರ ಬೇಕು. ಐದೇ ಪದರಗಳ ಪೊರೆಯಲ್ಲಿ ಆ ಸುರುಳಿ ಸುತ್ತುವುದೆಲ್ಲಿ? ಅದನ್ನು ಇಲ್ಲಿ ತೋರಿಸಲಾಗದು. ಅದೇ ಗುಂಪಿನ ಡಿಸ್ಪ್ರೋಸಿಯಂನ ಅಯಸ್ಕಾಂತತ್ವವನ್ನಾದರೆ ತೋರಿಸಬಹುದು: ಅದು ಸುಮಾರು 85 ಕೆಲ್ವಿನ್‌ಗಿಂತ (ಮೈನಸ್ 188 ಡಿಗ್ರಿ ಸೆಲ್ಸಿಯಸ್) ಕೆಳಗೆ ಫೆರೋಅಯಸ್ಕಾಂತ, ದ್ರವ ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ತುಣುಕು ನನ್ನ ಬಳಿ ಇದೆ, ದ್ರವ ಸಾರಜನಕ ಕಾಲೇಜಿನಲ್ಲಿ ಇಲ್ಲ ಎಂದೆ.

"ನಮ್ಮ ಕಾಕಾ ಪಶು ಆಸ್ಪತ್ರೆಯಲ್ಲಿದ್ದಾರೆ ಮೇಡಂ, ಹಸುಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಅದರಲ್ಲೇ ಇಡುತ್ತಾರೆ" ಎಂದ ಹಾವೇರಿಯ ಹುಡುಗ ಅಲ್ಲೇ ನಿಂತು ಫೋನ್ ಮಾಡಿದ. ಆಸ್ಪತ್ರೆಯದನ್ನು ಕೊಡಲು ಬರುವುದಿಲ್ಲ, ಆದರೆ ಅದನ್ನು ತಂದುಕೊಡುವ ಗಾಡಿಯವರಿಂದ ಕಾಲೇಜಿನವರೂ ಕೊಳ್ಳಬಹುದು ಎಂದು ಆ ಕಡೆಯಿಂದ ಉತ್ತರ ಬಂತು. ಅದಕ್ಕೆಂದೇ ಇರುವ ಪಾತ್ರೆ ತರಬೇಕು, ಬಾಯಿ ಬಿಗಿಯಾಗಿ ಮುಚ್ಚಬಾರದು, ಪ್ರಾಂಶುಪಾಲರ ಪತ್ರ ಮರೆಯಬಾರದು. ಗದಗಿನ ಹುಡುಗಿ ಆಗಲೇ ಪತ್ರದ ಒಕ್ಕಣೆ ಬರೆಯತೊಡಗಿದ್ದಳು.