ತೆರ್ಮೆ ತೊಪ್ಪಿನ ಬೆನ್ನ ಮೇಲಿನ ಗೆರೆಗಳು

ಇವತ್ತು ಬೆಳಿಗ್ಗೆ, ಕೊಡಗಿನಲ್ಲಿ ಪಲ್ಯ ಮಾಡುವ ಜರೀಗಿಡವಾದ ತೆರ್ಮೆ ತೊಪ್ಪಿನ ಎಳೆ ಸುರುಳಿಗಳಿಗೆ ಅಂಟಿದ್ದ ಕಂದು ಹೊಟ್ಟನ್ನು ಬೆರಳಿನಿಂದ ಉಜ್ಜಿ ತೆಗೆಯುತ್ತಿದ್ದಾಗ, ಕಟ್ಟಿನೊಳಗೆ ಹೇಗೋ ಸೇರಿಕೊಂಡಿದ್ದ ಒಂದು ಬಲಿತ ಎಲೆ ಕೈಗೆ ಸಿಕ್ಕಿತು.

ಪಲ್ಯಕ್ಕೆ ಬಾರದ ಎಲೆಯೆಂದು ಎಸೆಯುವ ಮೊದಲು ಸುಮ್ಮನೆ ತಿರುಗಿಸಿ ನೋಡಿದೆ. ಅದರ ಬೆನ್ನಿನ ಮೇಲೆ ನರಗಳ ಗುಂಟ ಬೀಜಕಣಗಳ ಕಂದು ಗೆರೆಗಳು ಸಾಲುಸಾಲಾಗಿದ್ದವು. ಕೆಲವೆಡೆ ಒಂದೇ ನರದ ಎರಡೂ ಬದಿಗೆ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತಂತೆ, ಜೋಡಿಯಾಗಿದ್ದವು. ಈ ಜರೀಗಿಡದ ಕುಲಕ್ಕೆ ಡಿಪ್ಲಾಜಿಯಮ್ ಎಂಬ ಹೆಸರು ಬಂದದ್ದು ಇಂಥ ಜೋಡಿಯಿಂದಲೇ, ಏಕೆಂದರೆ ಆ ಹೆಸರಿನ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಇಮ್ಮಡಿ ಎಂದರ್ಥ.

1791ರಲ್ಲಿ ಸಸ್ಯಶಾಸ್ತ್ರಜ್ಞ ರೆಟ್ಸಿಯಸ್ ಈ ಗಿಡವನ್ನು ಹೆಮಿಯೊನೈಟಿಸ್ ಕುಲಕ್ಕೆ ಸೇರಿಸಿದ್ದರು. 1803ರಲ್ಲಿ ಸ್ವಾರ್ಟ್ಸ್ ಡಿಪ್ಲಾಜಿಯಮ್‌ಗೆ ತಂದರು. 1908ರಲ್ಲಿ ಕೋಪ್ಲೆಂಡ್ ಅಥೀರಿಯಮ್‌ಗೆ ಸಾಗಿಸಿದರು. ಪಕ್ಕದ ನರಗಳು ಒಂದನ್ನೊಂದು ಕೂಡಿಕೊಳ್ಳುವ ಗುಣವನ್ನು ಮುಂದಿಟ್ಟುಕೊಂಡು ಇದಕ್ಕೆ ಬೇರೆಯದೇ ಕುಲವನ್ನು ಕೊಟ್ಟವರೂ ಉಂಟು. ಈಗ ಅದು ಮರಳಿ ಡಿಪ್ಲಾಜಿಯಮ್‌ನಲ್ಲಿ, ಅಥೀರಿಯೇಸೀ ಕುಟುಂಬದೊಳಗೆ ನೆಲೆಸಿದೆ. ಇಷ್ಟೆಲ್ಲ ಮನೆ ಬದಲಾಯಿಸಿದರೂ ವೈಜ್ಞಾನಿಕ ಹೆಸರಿನ ಎರಡನೆಯ ಪದವಾದ ‘ಎಸ್ಕ್ಯುಲೆಂಟಮ್’ ಮಾತ್ರ, ಕುಲದ ಹೆಸರಿನ ವ್ಯಾಕರಣ ಲಿಂಗಕ್ಕೆ ತಕ್ಕಂತೆ ತುದಿಯನ್ನಷ್ಟೇ ತಿದ್ದಿಕೊಂಡು, ಹಾಗೆಯೇ ಉಳಿದಿದೆ. ಅದರ ಅರ್ಥ ತಿನ್ನಲು ಯೋಗ್ಯವಾದದ್ದು ಎಂದು. ಕೊಡಗಿನ ಅಡುಗೆಮನೆಗಳಿಗೆ ಇದನ್ನು ಲ್ಯಾಟಿನ್‌ನಲ್ಲಿ ಹೇಳುವ ಅಗತ್ಯವೇನೂ ಇರಲಿಲ್ಲ ಎನ್ನಿ.

ಆ ಬಲಿತ ಎಲೆಯನ್ನು ಹಳೆಯ ದಿನಪತ್ರಿಕೆಯ ನಡುವೆ ಒತ್ತಿಟ್ಟಿದ್ದೇನೆ. ಸುರುಳಿಗಳು ಈಗ ಒಗ್ಗರಣೆಯಲ್ಲಿ ಬಾಡುತ್ತಿವೆ.