ದನದ ಚುಚ್ಚುಮದ್ದನ್ನು ನಾಯಿಗೆ ಕೊಡಬೇಡಿ

ಮಲೆನಾಡಿನ ಹಳ್ಳಿಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡುವ ನನಗೆ ಅತಿ ಹೆಚ್ಚು ಆತಂಕ ತರುವುದು ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿರುವ, ಹುಳು-ಉಣ್ಣೆ ಸಾಯಿಸುವ ಐವರ್ಮೆಕ್ಟಿನ್ ಎಂಬ ಔಷಧಿಯ ಬಾಟಲಿ. ಹಸುವಿಗೆಂದು ತಂದದ್ದು, ಉಣ್ಣೆ ಹತ್ತಿದ ನಾಯಿಗೂ ಒಂದಿಷ್ಟು ಚುಚ್ಚಿದರಾಯಿತು ಎಂಬ ಧೈರ್ಯ.

ತೋಟದ ಮನೆಯೊಂದರಿಂದ, ಹೀಗೆ ಚುಚ್ಚಿಸಿಕೊಂಡ ಕೋಲಿ ಎಂಬ ತಳಿಯ ನಾಯಿಯನ್ನು ಹೊತ್ತು ತಂದಿದ್ದರು. ಕಣ್ಣಿನ ಪಾಪೆಗಳು ಅಗಲವಾಗಿ ಅರಳಿದ್ದವು, ಟಾರ್ಚ್ ಹಿಡಿದರೂ ಕುಗ್ಗಲಿಲ್ಲ. ಕಣ್ಣಿನ ಹತ್ತಿರ ಬೆರಳು ತಂದರೆ ರೆಪ್ಪೆ ಮಿಟುಕಿಸಲಿಲ್ಲ. ಜೊಲ್ಲು ಸುರಿಯುತ್ತಿತ್ತು, ನಿಲ್ಲಿಸಿದರೆ ಹಿಂಗಾಲು ಕುಸಿಯುತ್ತಿತ್ತು. "ಹೃದಯಹುಳು ಬಾರದಂತೆ ಕೊಡುವುದೂ ಇದೇ ಔಷಧಿಯಲ್ಲವೇ ಡಾಕ್ಟರೇ?" ಎಂದರು ಮನೆಯವರು.

ಔಷಧಿ ಅದೇ, ಅಳತೆ ಬೇರೆ. ಹೃದಯಹುಳು ತಡೆಯಲು ತಿಂಗಳಿಗೊಮ್ಮೆ ಬೇಕಾಗುವುದು ಕಿಲೋ ತೂಕಕ್ಕೆ 6 ಮೈಕ್ರೊಗ್ರಾಂ. 20 ಕಿಲೋ ನಾಯಿಗೆ 120. ದನದ ಶೇ 1ರ ಚುಚ್ಚುಮದ್ದಿನ ಒಂದೇ ಮಿಲಿಲೀಟರ್‌ನಲ್ಲಿ 10,000 ಮೈಕ್ರೊಗ್ರಾಂ ಇರುತ್ತದೆ! ಇನ್ನು ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಎಂಡಿಆರ್-1 ಎಂಬ ಜೀನ್ ಕೆಟ್ಟಿರುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಮಿದುಳಿಗೆ ನುಗ್ಗುವ ಔಷಧಿಯನ್ನು ಹೊರದಬ್ಬುವ ಪ್ರೋಟೀನ್ ಇವುಗಳಲ್ಲಿ ಕೆಲಸ ಮಾಡುವುದಿಲ್ಲ. ಕಿಲೋಗೆ 100 ಮೈಕ್ರೊಗ್ರಾಂ ದಾಟಿದರೆ ಸಾಕು, ವಿಷವೇರುತ್ತದೆ.

ಇದಕ್ಕೆ ಪ್ರತ್ಯೌಷಧವಿಲ್ಲ. ಡ್ರಿಪ್ ಹಾಕಿ, ಕಣ್ಣು ಒಣಗದಂತೆ ಮುಲಾಮು ಹಚ್ಚಿ, ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತ ಕಾಯುವುದೇ ಚಿಕಿತ್ಸೆ. ಮನೆಯವರು ರಾತ್ರಿಯೆಲ್ಲ ಸರದಿಯಂತೆ ಕುಳಿತರು. ನಾಯಿ ಬದುಕಿತು, ಆದರೆ ತಾನಾಗಿ ಎದ್ದು ನೀರು ಕುಡಿಯಲು ವಾರ ದಾಟಿತು.

ಇದನ್ನು ಕೇಳಿ ಕೆಲವರು ತಿಂಗಳ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 6 ಮೈಕ್ರೊಗ್ರಾಂ ಪ್ರಮಾಣ ಕೋಲಿಗೂ ಸುರಕ್ಷಿತ.

ಮಾತ್ರೆ ಶುರು ಮಾಡುವ ಮುನ್ನ ಮಾತ್ರ ರಕ್ತ ಪರೀಕ್ಷೆ ಮಾಡಿಸಲೇಬೇಕು. ರಕ್ತದಲ್ಲಿ ಆಗಲೇ ಮರಿಹುಳುಗಳು ತುಂಬಿದ್ದರೆ ಅವು ಒಮ್ಮೆಲೇ ಸತ್ತು, ಕೆಲವೇ ಗಂಟೆಗಳಲ್ಲಿ ವಾಂತಿಯಾಗಿ, ವಸಡು ಬಿಳಿಚಿ ನಾಯಿ ಕುಸಿಯಬಹುದು. ನಮ್ಮ ಕಡೆ ಸಿಗುವ ಮರಿಹುಳು ಹಲವು ಸಲ ಚರ್ಮದಡಿ ಬೆಳೆಯುವ ರೆಪೆನ್ಸ್ ಜಾತಿಯದು, ನಿಜವಾದ ಹೃದಯಹುಳುವಿನ ಹಾವಳಿ ಈಶಾನ್ಯ ರಾಜ್ಯಗಳಲ್ಲಿ ಹೆಚ್ಚು. ಯಾವ ಜಾತಿಯದೇ ಆಗಿರಲಿ, ಗಾಜಿನ ಪಟ್ಟಿಯ ಮೇಲೆ ಹುಳು ಹೊರಳುವುದು ಕಂಡರೆ ಮೊದಲ ಡೋಸ್ ಅನ್ನು ಬೆಳಿಗ್ಗೆಯೇ ಕೊಟ್ಟು, ಸಂಜೆಯವರೆಗೆ ನಾಯಿಯನ್ನು ನನ್ನ ಕಣ್ಣೆದುರೇ ಇರಿಸಿಕೊಳ್ಳುತ್ತೇನೆ.