ಬೆಳಗಿನ ಜಾವ 3ಕ್ಕೇ ಎದ್ದು ಕೂರುವ ಮಗ

ನನ್ನ ಮಗನಿಗೆ ಸ್ಮಿತ್-ಮಜೆನಿಸ್ ಸಿಂಡ್ರೋಮ್ ಇದೆ. ಹೆಸರು ಕೇಳಿರಲಿಕ್ಕಿಲ್ಲ, ಸುಮಾರು 15ರಿಂದ 25 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುವಂಥದ್ದು. 17ನೇ ಕ್ರೋಮೋಸೋಮಿನ ಒಂದು ಚೂರು ಇರುವುದಿಲ್ಲ, ಅದರ ಜೊತೆಗೆ ಆರ್‌ಎಐ1 ಅನ್ನೋ ಜೀನ್ ಕೂಡ ಹೋಗಿರುತ್ತದೆ. ಕೆಲವರಲ್ಲಿ ಆ ಜೀನ್ ಒಂದೇ ಕೆಟ್ಟಿರುತ್ತದೆ. ಮಾತು ತಡ, ಕಲಿಕೆ ನಿಧಾನ, ಸಿಟ್ಟು ಜಾಸ್ತಿ. ಇವೆಲ್ಲ ಹೇಗೋ ನಡೆಯುತ್ತವೆ, ಮನೆಮಂದಿಯನ್ನೆಲ್ಲ ಹೈರಾಣು ಮಾಡೋದು ಮಾತ್ರ ನಿದ್ದೆ.

ಸಂಜೆಯಾದರೆ ಬೇಗ ಮಲಗಿಬಿಡುತ್ತಾನೆ, ಅದೇನೂ ಕಷ್ಟ ಇಲ್ಲ. 3 ಗಂಟೆಗೆ ಎದ್ದ ಅಂದರೆ ಮುಗೀತು, ದೀಪ ಹಾಕಿ, ಫ್ರಿಜ್ ತೆಗೆದು, ಕೈಗೆ ಸಿಕ್ಕಿದ್ದನ್ನೆಲ್ಲ ನೆಲಕ್ಕೆ ಸುರಿದು, ಆಮೇಲೆ ನಮ್ಮ ರೆಪ್ಪೆ ಎತ್ತಿ ನೋಡ್ತಾನೆ, ಒಳಗೆ ಇದ್ದಾರೋ ಇಲ್ವೋ ಅಂತ. ಅದೇ ಹುಡುಗ ಮಧ್ಯಾಹ್ನ ತುತ್ತು ಬಾಯಲ್ಲಿ ಇಟ್ಟುಕೊಂಡೇ ತೂಕಡಿಸಿ ಬೀಳುತ್ತಾನೆ.

"ಹಗಲು ಚೆನ್ನಾಗಿ ಆಡಿಸಿ, ಸುಸ್ತಾದ್ರೆ ತಾನೇ ಮಲಗ್ತಾನೆ" ಅಂತ ಹೇಳದವರಿಲ್ಲ. ಸುಸ್ತಿಗೂ ಇದಕ್ಕೂ ಸಂಬಂಧ ಇಲ್ಲ ಸ್ವಾಮಿ! ನಿದ್ದೆಗೆ ಹೊತ್ತಾಯಿತು ಅಂತ ಮೈಗೆ ತಿಳಿಸೋದು ಮೆಲಟೋನಿನ್ ಅನ್ನೋ ಹಾರ್ಮೋನ್. ಎಲ್ಲರಿಗೂ ಅದು ಕತ್ತಲಾದ ಮೇಲೆ ಏರಿ, ಬೆಳಗಾಗುವಾಗ ಇಳಿಯುತ್ತದೆ. ಈ ಸಿಂಡ್ರೋಮ್ ಇರುವ ಹೆಚ್ಚಿನವರಿಗೆ ಉಲ್ಟಾ, ಹಗಲಲ್ಲೇ ಏರುತ್ತದೆ. ಹಾಗಾಗಿ ಇದು ಹಟವೂ ಅಲ್ಲ, ನಾವು ಶಿಸ್ತು ಕಲಿಸದೇ ಬಂದಿದ್ದೂ ಅಲ್ಲ.

ಕೂಸಾಗಿದ್ದಾಗ ಅಳುವೇ ಕಡಿಮೆ, ಯಾವಾಗಲೂ ನಿದ್ದೆ. ಎಂಥ ಪುಣ್ಯವಂತರು ನೀವು ಅಂತಿದ್ದರು ನೋಡಿದವರೆಲ್ಲ! ಈ ಸಿಂಡ್ರೋಮಿನಲ್ಲಿ ಅದೂ ಮಾಮೂಲು.

ಔಷಧಿ ವಿಷಯ ತಮಾಷೆಯಾಗಿದೆ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಗೊತ್ತಲ್ವಾ, ಆ ಜಾತಿಯ ಅಸೆಬ್ಯುಟೊಲಾಲ್ ಅನ್ನು ಬೆಳಿಗ್ಗೆ ಕೊಟ್ಟು ಹಗಲಿನ ಮೆಲಟೋನಿನ್ ತಡೆದು, ರಾತ್ರಿ ಮೆಲಟೋನಿನ್ ಮಾತ್ರೆ ಕೊಡುವ ದಾರಿಯನ್ನು ಫ್ರಾನ್ಸಿನ ವೈದ್ಯರು ತೋರಿಸಿದರು. ಆಸ್ತಮಾ ಇರುವ ಮಕ್ಕಳಿಗೆ ಬೀಟಾ ಬ್ಲಾಕರ್ ಆಗಿಬರುವುದಿಲ್ಲ, ಆದ್ದರಿಂದ ಯಾರೋ ಬರೆದರು ಅಂತ ಸುಮ್ನೆ ಶುರು ಮಾಡಬೇಡಿ. 2020ರಲ್ಲಿ ಅಮೆರಿಕದಲ್ಲಿ ಟ್ಯಾಸಿಮೆಲ್ಟಿಯಾನ್ ಎಂಬ ಔಷಧಿಗೆ ಈ ಸಿಂಡ್ರೋಮಿನ ನಿದ್ದೆ ತೊಂದರೆಗೆಂದೇ ಒಪ್ಪಿಗೆ ಸಿಕ್ಕಿತು. ಯಾವುದರಿಂದಲೂ ರಾತ್ರಿಯಿಡೀ ನಿದ್ದೆ ಗ್ಯಾರಂಟಿ ಅಂತಲ್ಲ, ಆದರೆ ಒಂದು ಗಂಟೆ ಜಾಸ್ತಿ ಸಿಕ್ಕರೂ ನಮಗೆ ಹಬ್ಬ.

ಇನ್ನೊಂದು ವಿಷಯ, ಎಲ್ಲವನ್ನೂ ಸಿಂಡ್ರೋಮ್ ತಲೆಗೆ ಕಟ್ಟಬೇಡಿ. ಗೊರಕೆ, ಕಿವಿ ಸೋಂಕು, ಎದೆಯುರಿ, ಮಲಬದ್ಧತೆ ಇವೂ ಎಬ್ಬಿಸುತ್ತವೆ. ಈ ಮಕ್ಕಳಿಗೆ ನೋವು ಗೊತ್ತಾಗೋದೇ ಕಡಿಮೆ, ಬಾಯಿಬಿಟ್ಟು ಹೇಳೋದಿಲ್ಲ. ಯಾವಾಗ ಮಲಗಿದ, ಯಾವಾಗ ಎದ್ದ ಅಂತ ಡೈರಿ ಬರೆದು ತೋರಿಸಿದರೆ ಡಾಕ್ಟರಿಗೂ ಸುಲಭ.

ಮನೆಯಲ್ಲಿ ಈಗ ನಾನು ಒಂದು ರಾತ್ರಿ, ನಮ್ಮ ಮನೆಯವರು ಒಂದು ರಾತ್ರಿ ಪಾಳಿ. ಪಾಳಿ ಇಲ್ಲದವರು ಬೇರೆ ರೂಮಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಕು, ಏನೇ ಸದ್ದಾದರೂ ಎದ್ದು ಬರಬಾರದು. ಈ ನಿಯಮ ಬಂದ ಮೇಲೆ ನಮ್ಮಿಬ್ಬರ ಜಗಳ ಅರ್ಧಕ್ಕರ್ಧ ಕಡಿಮೆಯಾಗಿದೆ.